ಮಾರುವ ಕಾರಿಗೆ ರಿಪೇರಿ ಬೇಕೆ?

ಪ್ರಶ್ನೆ: 2014ರ ಪೆಟ್ರೋಲ್ ಸ್ವಿಫ್ಟ್ ಮಾರಬೇಕೆಂದಿದ್ದೇವೆ. ಕ್ಲಚ್ ಜಾರುತ್ತಿದೆ, ಬಂಪರ್ ಗೀಚಿದೆ, ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಆರುತ್ತಿಲ್ಲ. ಎಲ್ಲ ಸರಿಮಾಡಿಸಿ ಮಾರುವುದೇ ಒಳ್ಳೆಯದೇ?
– ಓದುಗರು, ಹಾಸನ

ಉತ್ತರ: ಎಲ್ಲವೂ ಬೇಡ. ಮೊದಲು ಎಂಜಿನ್ ದೀಪ ನೋಡಿಸಿ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ದೋಷ ಸೂಚಿಸುವ ಕೋಡ್ ಓದಿಸಿ. ಆಕ್ಸಿಜನ್ ಸೆನ್ಸರ್ ಅಥವಾ ಇಗ್ನಿಷನ್ ಕಾಯಿಲ್‌ನಂಥ ಒಂದೇ ಭಾಗ ಕೆಟ್ಟಿದ್ದರೆ ಬದಲಿಸಿ. ಉರಿಯುವ ಆ ಹಳದಿ ದೀಪ ಕಂಡರೆ ಕೊಳ್ಳುವವರು ಎಂಜಿನ್ನೇ ಹೋಗಿದೆ ಎಂದುಕೊಂಡು ಬೆಲೆ ಇಳಿಸುತ್ತಾರೆ. ದೋಷ ಹಾಗೇ ಬಿಟ್ಟು ಕೋಡ್ ಅಳಿಸಿದರೆ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಅದು ಮೋಸವೂ ಹೌದು.

ಕ್ಲಚ್ ವಿಷಯದಲ್ಲಿ ಲೆಕ್ಕ ಹಾಕಿ. ಮೂರನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಒತ್ತಿ. ಎಂಜಿನ್ ಜೋರಾಗಿ ಕೂಗಿದರೂ ಕಾರು ಮುನ್ನುಗ್ಗದಿದ್ದರೆ ಕ್ಲಚ್ ಪ್ಲೇಟ್ ಸವೆದಿರುವ ಸಾಧ್ಯತೆ ಹೆಚ್ಚು. ಗೇರ್‌ಬಾಕ್ಸ್ ಇಳಿಸಲೇಬೇಕಾದ ಕೆಲಸವಾದ್ದರಿಂದ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಸೇರಿಸಿ ಎಸ್ಟಿಮೇಟ್ ಬರೆಸಿಕೊಳ್ಳಿ. ಅದನ್ನು ಇಬ್ಬರು ಡೀಲರುಗಳಿಗೆ ತೋರಿಸಿ, ಈಗಿನ ಬೆಲೆ, ಸರಿಮಾಡಿಸಿದ ಮೇಲಿನ ಬೆಲೆ ಎರಡೂ ಕೇಳಿ. ವ್ಯತ್ಯಾಸ ಖರ್ಚಿಗಿಂತ ಕಡಿಮೆಯಿದ್ದರೆ ರಿಪೇರಿ ಬಿಡಿ, ದೋಷ ಹೇಳಿಯೇ ಮಾರಿ. ನೇರವಾಗಿ ಮನೆಬಳಕೆಗೆ ಕೊಳ್ಳುವವರಿಗೆ ಕೊಡುವುದಾದರೆ ಮಾತ್ರ ಸಾಮಾನ್ಯವಾಗಿ ಹೊಸ ಕ್ಲಚ್ ಹಾಕಿಸುವುದು ಲೇಸು. ಕ್ಲಚ್ ಜಾರಿದರೆ ಟೆಸ್ಟ್ ಡ್ರೈವ್‌ನಲ್ಲೇ ಅವರು ಹಿಂಜರಿಯುತ್ತಾರೆ.

ಬಂಪರ್ ಗೀಚು ಪಾಲಿಶ್‌ಗೆ ಹೋದಷ್ಟು ಹೋಗಲಿ. ಹೊಸ ಪೇಂಟ್ ಬೇಡ, ಬಣ್ಣದ ಛಾಯೆ ಚೂರು ಬೇರೆಯಾದರೂ ಅಪಘಾತದ ಅನುಮಾನ ಬರುತ್ತದೆ.

ರಿಪೇರಿ ಬಿಲ್‌ಗಳನ್ನು ಜೋಪಾನವಾಗಿಡಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯಿರಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಸಲ್ಲಿಸಿ ಆರ್‌ಸಿ ಕೊಂಡವರ ಹೆಸರಿಗೆ ಬದಲಾಗುವವರೆಗೂ ಬೆನ್ನುಬಿಡಬೇಡಿ.