ಕಾಫಿ ಎನಿಮಾ ಮತ್ತು ಪಿತ್ತಕೋಶದ ಕಲ್ಲು: ಶಿಡ್ಲಘಟ್ಟ ಕಡೆಯ ಒಂದು ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ ಮಹಿಳೆ, ನಲವತ್ತು ದಾಟಿದವರು. ಹಿದಕಬೇಳೆ ಸಾರು, ಬಜ್ಜಿ ಉಂಡ ರಾತ್ರಿ ಬಲಪಕ್ಕೆಯ ಕೆಳಗೆ ಹಿಡಿದುಕೊಂಡ ನೋವು ಬಲಭುಜದವರೆಗೂ ಹೋಗಿ, ಎರಡು ಗಂಟೆ ಕಾಡಿ ಬಿಡುತ್ತಿತ್ತು. ಮೂರನೇ ಸಲ ಬಂದಾಗ ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ಪಿತ್ತಕೋಶದಲ್ಲಿ 4ರಿಂದ 7 ಮಿಲಿಮೀಟರ್‌ನ ಹಲವು ಕಲ್ಲುಗಳು. ವೈದ್ಯರು ಪಿತ್ತಕೋಶ ತೆಗೆಯುವ ಆಪರೇಷನ್ ಹೇಳಿದರು.

ಅವರು ಆಪರೇಷನ್ ಬಿಟ್ಟು, ಕಾಫಿ ಎನಿಮಾ (ಗುದದಿಂದ ಕಾಫಿ ನೀರು ಏರಿಸುವುದು) ಕಲ್ಲನ್ನು ಹೊರಹಾಕುತ್ತದೆ ಎಂದು ಫೋನಿನಲ್ಲಿ ಬಂದ ವಿಡಿಯೊ ಹಿಡಿದುಕೊಂಡರು. ಮೊದಲು ಒಂದು ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಹಾಕಿ ಕುಡಿದರು. ಆಮೇಲೆ ಲೀಟರ್ ನೀರಿಗೆ ಮೂರು ಚಮಚ ಕಾಫಿಪುಡಿ ಕುದಿಸಿ, ದಿನಕ್ಕೆರಡು ಸಲ ಎನಿಮಾ, ಐದು ದಿನ. ಮೂರನೇ ದಿನ ನೋವು ಮರಳಿತು. ಐದನೇ ದಿನ ಕಾಲು ಸೆಳೆತ, ನಿಲ್ಲಲಾಗದಷ್ಟು ಸುಸ್ತು. ಸಲಹೆಗೆಂದು ನಮ್ಮಲ್ಲಿಗೆ ಬಂದಾಗ ಕೈಯಲ್ಲೊಂದು ಡಬ್ಬಿ, ಒಳಗೆ ಹಸಿರು ಉಂಡೆಗಳು. "ಕಲ್ಲು ಬಿದ್ದಿವೆ, ನೋಡಿ" ಎಂದರು.

ಉಂಡೆಯನ್ನು ಬೆರಳಲ್ಲಿ ಒತ್ತಲು ಹೇಳಿದೆವು. ಬೆಣ್ಣೆಯಂತೆ ನಜ್ಜಾಯಿತು. ಎಣ್ಣೆ, ನಿಂಬೆಯ ಹುಳಿ, ಕರುಳಿನ ಲವಣಗಳು ಸೇರಿ ಹೊಟ್ಟೆಯೊಳಗೇ ಆಗುವ ಸಾಬೂನಿನಂಥ ಉಂಡೆಗಳವು. ಬಿಸಿ ತಾಗಿದರೆ ಕರಗುತ್ತವೆ. ಪಿತ್ತಕೋಶದ ಕಲ್ಲು ಇಷ್ಟು ಸುಲಭವಾಗಿ ನಜ್ಜಾಗುವುದಿಲ್ಲ. ಇದನ್ನು ಅವರಿಗೆ ನಿಧಾನವಾಗಿ ಹೇಳಿದೆವು. ಮೋಸ ಹೋದೆನೆಂಬ ನಾಚಿಕೆಯಲ್ಲಿ ಮುಂದಿನ ಮಾತು ಕಿವಿಗೆ ಬೀಳದೆ ಹೋದೀತೆಂದು.

ಕಾಫಿ ಪಿತ್ತನಾಳ ತೆರೆಸಿ ಕಲ್ಲನ್ನು ಹೊರಹಾಕುತ್ತದೆ ಎಂಬ ಮಾತನ್ನೇ ಎತ್ತಿಕೊಂಡೆವು. ಕುಡಿದ ಕಾಫಿ ಪಿತ್ತಕೋಶವನ್ನು ಹಿಂಡುವ ಹಾರ್ಮೋನನ್ನು ಹೆಚ್ಚಿಸುತ್ತದೆ, ನಿಜ. ಗುದದಿಂದ ಏರಿಸಿದ್ದು ಹಾಗೆ ಮಾಡಿ ಕಲ್ಲನ್ನು ಕೆಡವುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಪಿತ್ತನಾಳ ತೆರೆಯುವುದು ಸಣ್ಣಕರುಳಿನ ಮೊದಲ ಭಾಗಕ್ಕೆ, ಎನಿಮಾ ನೀರು ನಿಲ್ಲುವುದು ದೊಡ್ಡಕರುಳಿನಲ್ಲಿ. ವಿಡಿಯೊದ ಮಾತು ನಿಜವೇ ಎಂದಿಟ್ಟುಕೊಂಡರೆ ಇವರಿಗೆ ಅಪಾಯ ಇನ್ನೂ ಹೆಚ್ಚು. ಸಾಮಾನ್ಯ ಪಿತ್ತನಾಳದ ಒಳಅಗಲ ಸುಮಾರು 6 ಮಿಲಿಮೀಟರ್, ಕರುಳಿಗೆ ತೆರೆಯುವ ಬಾಯಿ ಅದಕ್ಕಿಂತ ಕಿರಿದು. ದೊಡ್ಡ ಕಲ್ಲಿಗಿಂತ 4-5 ಮಿಲಿಮೀಟರ್‌ನ ಸಣ್ಣದೇ ಜಾರಿ ನಾಳಕ್ಕಿಳಿದು ಸಿಕ್ಕಿಕೊಳ್ಳುವುದು ಸುಲಭ. ಅಲ್ಲಿ ಸಿಕ್ಕರೆ ಕಾಮಾಲೆ, ನಾಳದ ಸೋಂಕು. ಬಾಯಿಯ ಹತ್ತಿರ ಸಿಕ್ಕರೆ ಮೇದೋಜೀರಕ ಗ್ರಂಥಿಯ ಉರಿಯೂತ, ಜೀವಕ್ಕೇ ಸಂಚಕಾರ.

ಸೆಳೆತದ ಕಾರಣ ಬೇರೆ. ಅವರ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವಿತ್ತು, ಅದು ಮೊದಲೇ ರಕ್ತದಲ್ಲಿನ ಪೊಟ್ಯಾಸಿಯಂ ಎಂಬ ಲವಣವನ್ನು ಇಳಿಸುತ್ತದೆ. ಮೇಲೆ ಹತ್ತು ಎನಿಮಾ, ಅದರಲ್ಲೂ ಅದು ಹೊರಹೋಗುತ್ತದೆ. ಅಂದೇ ವೈದ್ಯರ ಹತ್ತಿರ ಕಳಿಸಿದೆವು, ಪೊಟ್ಯಾಸಿಯಂ 3.1 ಬಂತು, ಇರಬೇಕಾದದ್ದು 3.5ರಿಂದ 5. ಇನ್ನೂ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ. 1980ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕಾಫಿ ಎನಿಮಾಕ್ಕೆ ಸಂಬಂಧಿಸಿದ ಎರಡು ಸಾವುಗಳು ವರದಿಯಾಗಿವೆ. ಬಿಸಿ ಡಿಕಾಕ್ಷನ್‌ನಿಂದ ಗುದದೊಳಗೆ ಸುಟ್ಟದ್ದು, ಕರುಳು ಊದಿಕೊಂಡದ್ದು ಕೂಡ ದಾಖಲಾಗಿದೆ. ಬೆಳಗಿನ ಲೋಟ ಕಾಫಿಯನ್ನು ನಾವು ನಿಷೇಧಿಸಲಿಲ್ಲ. ಕುಡಿದಾಗ ನೋವು ಬರುವವರು ಬಿಟ್ಟರೆ ಸಾಕು.

ಇಷ್ಟಾದರೂ ಆಪರೇಷನ್‌ಗೆ ಒಪ್ಪಲಿಲ್ಲ. ಭಯವೆಂದು ನಾವು ಅಂದುಕೊಂಡಿದ್ದು ತಪ್ಪು. ಏಕೆ ಎಂದು ಎರಡನೇ ಸಲ ಕೇಳಿದ ಮೇಲೆ ಹೇಳಿದರು: ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿದೆ, ಹೊತ್ತುಹೊತ್ತಿಗೆ ಸೊಪ್ಪು ಹಾಕುವವರಿಲ್ಲ. ಹುಳು ತಿನ್ನುವ ಸೊಪ್ಪಿನ ಬಹುಪಾಲು ಆ ಜ್ವರದ ನಂತರದ ಕೊನೆಯ ಏಳೆಂಟು ದಿನದಲ್ಲೇ. ಆಗ ಮನೆ ಬಿಟ್ಟರೆ ಬೆಳೆಯೇ ಹೋಗುತ್ತದೆ. ಇದು ನೆಪವಲ್ಲ, ಲೆಕ್ಕ.

ಆ ಲೆಕ್ಕಕ್ಕೇ ಸಲಹೆ ಕೂಡಿಸಿದೆವು. ಎನಿಮಾ, ಎಣ್ಣೆ ಕುಡಿಯುವುದು, ಉಪವಾಸ ಈ ಕ್ಷಣಕ್ಕೆ ನಿಲ್ಲಿಸಿ. ಉಪವಾಸವಿದ್ದರೆ ಪಿತ್ತ ಹೊರಹೋಗದೆ ಗಟ್ಟಿಯಾಗುತ್ತದೆ. ಹೊತ್ತಿಗೆ ಸರಿಯಾಗಿ ಮುದ್ದೆ, ಸೊಪ್ಪಿನ ಬಸ್ಸಾರು, ಕರಿದದ್ದು ಬೇಡ. ಬಿ.ಪಿ. ಮಾತ್ರೆ ತಾವಾಗಿಯೇ ಬಿಡಬೇಡಿ, ವೈದ್ಯರು ಬದಲಿಸಲಿ. ಹುಳು ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಬಿಟ್ಟು, ಗೂಡು ಬಿಡಿಸಿ ಮಾರಿದ ಮೇಲೆ, ಹುಳುಮನೆ ತೊಳೆಯುವ ಬಿಡುವಿನಲ್ಲಿ ಆಪರೇಷನ್ ದಿನ ಹಿಡಿಯಿರಿ, ಇದನ್ನು ಸರ್ಜನ್‌ಗೂ ತಿಳಿಸಿ ಒಪ್ಪಿಸಿ. ದುರ್ಬೀನಿನ (ಲ್ಯಾಪರೊಸ್ಕೋಪಿ) ಆಪರೇಷನ್‌ಗೆ ಸಾಮಾನ್ಯವಾಗಿ ಒಂದೆರಡು ದಿನ ಆಸ್ಪತ್ರೆ. ಸೊಪ್ಪಿನ ಹೊರೆ ಮಾತ್ರ ಕೆಲವು ವಾರ ಬೇರೆಯವರು ಹೊರಲಿ. ಪಿತ್ತಕೋಶವಿಲ್ಲದೆಯೂ ಯಕೃತ್ತು ಪಿತ್ತ ಮಾಡುತ್ತಲೇ ಇರುತ್ತದೆ, ಅದು ನೇರ ಕರುಳಿಗಿಳಿಯುತ್ತದೆ.

ಅಷ್ಟರೊಳಗೆ ನೋವು ಐದಾರು ಗಂಟೆ ಬಿಡದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾಗಿ ಮಲ ಬಿಳಿಚಿದರೆ, ಹುಳು ಯಾವ ಹಂತದಲ್ಲಿದ್ದರೂ 108ಕ್ಕೆ ಕರೆ ಮಾಡಿ ಎಂದು ಕಾಗದದ ಮೇಲೆ ಬರೆದು, ಗಂಡನ ಎದುರು ಓದಿಸಿ ಕೊಟ್ಟೆವು. ಹದಿನೈದು ದಿನ ಸೊಪ್ಪು ಹಾಕಿಸಲು ಯಾರನ್ನು ಕರೆಯಬಹುದೆಂದು ಅವರೇ ಇಬ್ಬರ ಹೆಸರು ಹೇಳಿದರು. ಅದನ್ನೂ ಅದೇ ಕಾಗದದ ಕೆಳಗೆ ಬರೆದೆವು.