ಪುಟ್ಟ ಶಾಲೆಯ ಪೂಜೆ, ಗೋದಲಿ, ಹಿಡಿ ಅಕ್ಕಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ಚರ್ಚ್ ಆವರಣದೊಳಗಿನ ಚಿಕ್ಕ ಪ್ರಾಥಮಿಕ ಶಾಲೆಗಳಿಗೆ ಸಂಬಂಧಿಸಿದವು. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಒಂದರಿಂದ ಐದನೇ ತರಗತಿವರೆಗಿನ ಶಾಲೆ. 140 ಮಕ್ಕಳಿದ್ದಾರೆ, ಅದರಲ್ಲಿ ಕಥೋಲಿಕರು ಐವತ್ತರೊಳಗೆ. ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ 9.30ಕ್ಕೆ ಶಾಲೆಯ ಬಲಿಪೂಜೆ (ಮಾಸ್). ಅರ್ಧ ಆಗುವಷ್ಟರಲ್ಲಿ ಚಿಕ್ಕವರ ಗಲಾಟೆ ಶುರು. ಮೈಕಿನಲ್ಲಿ ಮಗು ಏನು ಓದಿತೆಂದು ಯಾರಿಗೂ ಕೇಳಿಸುವುದಿಲ್ಲ. ಹೋದ ತಿಂಗಳು ಪರಮಪ್ರಸಾದದ (ಪೂಜೆಯಲ್ಲಿ ಕಥೋಲಿಕರಷ್ಟೇ ಸ್ವೀಕರಿಸುವ ಪವಿತ್ರ ರೊಟ್ಟಿಯ) ಸಾಲಿನಲ್ಲಿ ಒಂದು ಹಿಂದೂ ಮಗುವೂ ಕೈಚಾಚಿ ನಿಂತುಬಿಟ್ಟಿತ್ತು. ಏನು ಮಾಡಬೇಕು?
(ಶಿಕ್ಷಕಿ, ಲಿಂಗರಾಜಪುರ)

ಉತ್ತರ: ಮಕ್ಕಳನ್ನು ಬೈದು ಫಲವಿಲ್ಲ. ಆರು ವರ್ಷದ ಮಗು ಒಂದು ಗಂಟೆ ಅಲುಗಾಡದೆ ಕೂರುವುದಿಲ್ಲ, ಕೂರಲೇಬೇಕೆಂದು ಧರ್ಮಸಭೆಯೂ ಹೇಳಿಲ್ಲ. ಮಕ್ಕಳೇ ಹೆಚ್ಚಾಗಿರುವ ಪೂಜೆಗೆಂದು 1973ರಲ್ಲಿ ರೋಮ್‌ನಿಂದ ಒಂದು ಮಾರ್ಗಸೂಚಿ ಬಂದಿದೆ. ಅದರ ಪ್ರಕಾರ ವಾಚನಗಳು (ಬೈಬಲ್ ಪಾಠಗಳು) ಮಕ್ಕಳಿಗೆ ಅರ್ಥವಾಗುವುದು ಕಷ್ಟವೆನಿಸಿದರೆ ಕಡಿಮೆ ಮಾಡಬಹುದು, ಒಂದನ್ನೇ ಉಳಿಸಿಕೊಳ್ಳಬಹುದು. ಆ ಒಂದು ಮಾತ್ರ ಶುಭಸಂದೇಶವೇ (ಯೇಸುವಿನ ಜೀವನ, ಬೋಧನೆಯ ಭಾಗವೇ) ಆಗಿರಬೇಕು. ಶುಭಸಂದೇಶದ ಬದಲಿಗೆ ಮಕ್ಕಳ ಕಥೆ ಓದಿಸಬೇಡಿ. ಮಕ್ಕಳ ಮಟ್ಟಕ್ಕಿಳಿದು ಮಾತಾಡುವುದು ಪೂಜೆ ಅರ್ಪಿಸುವ ಫಾದರ್‌ಗೆ ಕಷ್ಟವಾದರೆ, ಶುಭಸಂದೇಶದ ನಂತರ ಹಿರಿಯರೊಬ್ಬರು ಮಾತಾಡಲೂ ಅವಕಾಶವಿದೆ. ಆದರೆ ಧರ್ಮಕೇಂದ್ರದ (ಆ ಚರ್ಚಿನ) ಗುರುಗಳ ಒಪ್ಪಿಗೆ ಬೇಕು. ಪ್ರಬೋಧನೆ ಐದು ನಿಮಿಷ, ಇಡೀ ಪೂಜೆ ನಲವತ್ತು ನಿಮಿಷ ಎಂದು ಫಾದರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಫಾದರ್‌ಗಳು ಇದಕ್ಕೆ ಬೇಡವೆನ್ನುವುದು ಅಪರೂಪ. ಕೇಳುವವರೇ ಇರುವುದಿಲ್ಲ, ಅಷ್ಟೆ.

ಮೈಕಿನ ಕಾರಣ ಸರಳ. ಸ್ಟ್ಯಾಂಡು ದೊಡ್ಡವರ ಎತ್ತರಕ್ಕಿರುತ್ತದೆ. ನಾಲ್ಕನೇ ತರಗತಿಯ ಮಗುವಿನ ಬಾಯಿ ನೆಲದಿಂದ ಮೂರೂ ಮುಕ್ಕಾಲು ಅಡಿ ಎತ್ತರದಲ್ಲಿರುತ್ತದೆ. ಮಗು ಕತ್ತೆತ್ತಿ ಮೈಕನ್ನು ನೋಡಿದರೆ ಪುಸ್ತಕ ಕಾಣದು, ಪುಸ್ತಕ ನೋಡಿದರೆ ದನಿ ಮೈಕಿಗೆ ಸಿಗದು. ವಾಚನಪೀಠದ ಹಿಂದೆ ಅರ್ಧ ಅಡಿ ಎತ್ತರದ ಅಗಲ ಹಲಗೆ ಹಾಕಿಸಿ. ಪ್ಲಾಸ್ಟಿಕ್ ಸ್ಟೂಲು ಜಾರುತ್ತದೆ, ಬೇಡ. ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರವಿರಲಿ. ಅಭ್ಯಾಸವನ್ನು ತರಗತಿಯಲ್ಲಲ್ಲ, ಚರ್ಚಿನಲ್ಲೇ ಮೈಕ್ ಹಾಕಿಕೊಂಡು ಎರಡು ಸಲ ಮಾಡಿಸಿ. ತರಗತಿಯಲ್ಲಿ ಚೆನ್ನಾಗಿ ಓದಿದ ಮಗು ಚರ್ಚಿನಲ್ಲಿ ತನ್ನದೇ ದನಿ ಮಾರ್ದನಿಸುವುದು ಕೇಳಿ ಗಾಬರಿಗೊಂಡು ವೇಗ ಹೆಚ್ಚಿಸುತ್ತದೆ. ಪ್ರತಿ ಪೂರ್ಣವಿರಾಮಕ್ಕೂ ಮನಸ್ಸಿನಲ್ಲಿ ‘ಒಂದು, ಎರಡು’ ಎಣಿಸಲು ಹೇಳಿಕೊಡಿ. ವಿಶ್ವಾಸಿಗಳ ಪ್ರಾರ್ಥನೆಗೆ ಐದು ಮಕ್ಕಳು, ಒಬ್ಬೊಬ್ಬರಿಗೂ ಒಂದೇ ವಾಕ್ಯ. ವಾಕ್ಯವನ್ನು ಅವರೇ ಬರೆಯಲಿ. ‘ನಮ್ಮ ಆಯಮ್ಮನ ಮಂಡಿನೋವು ವಾಸಿಯಾಗಲಿ’ ಎಂದು ಎರಡನೇ ತರಗತಿಯ ಮಗು ಕೇಳಿಕೊಂಡರೆ ಇಡೀ ಶಾಲೆ ಮನಸ್ಸಿಟ್ಟು ‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ’ ಎನ್ನುತ್ತದೆ. ಪುಸ್ತಕದಿಂದ ಇಳಿಸಿದ ನಾಲ್ಕು ಸಾಲಿಗೆ ಆ ಬಲವಿಲ್ಲ.

ಹಾಡು ನಾಲ್ಕು ಸಾಕು: ಪ್ರವೇಶಕ್ಕೆ, ಕಾಣಿಕೆಗೆ, ಪರಮಪ್ರಸಾದಕ್ಕೆ, ಕೊನೆಗೆ. ತಿಂಗಳಿಗೆ ಒಂದನ್ನು ಮಾತ್ರ ಬದಲಿಸಿ. ನಾಲ್ಕನ್ನೂ ಹೊಸದಾಗಿ ಕಲಿಸಿದರೆ ಗಾಯನ ಬಳಗದ ಹತ್ತು ಮಕ್ಕಳು ಹಾಡುತ್ತಾರೆ, 130 ಮಕ್ಕಳು ಮಾತಾಡುತ್ತಾರೆ.

ಇನ್ನು ಪರಮಪ್ರಸಾದ. ಆ ಮಗುವಿನದೇನೂ ತಪ್ಪಿಲ್ಲ, ಮುಂದಿನವರು ಎದ್ದರು, ಅದೂ ಎದ್ದಿತು. ತಪ್ಪು ಇರುವುದು ಕೂರಿಸುವ ಕ್ರಮದಲ್ಲಿ. ಪ್ರಥಮ ಪರಮಪ್ರಸಾದ ಆಗಿರುವ ಮಕ್ಕಳನ್ನು ಪ್ರತಿ ಬೆಂಚಿನ ನಡುದಾರಿಯ ತುದಿಯಲ್ಲಿ ಕೂರಿಸಿ. ಒಳಗಿರುವವರು ಏಳುವ ಪ್ರಮೇಯವೇ ಬಾರದು. ಒಂದು, ಎರಡನೇ ತರಗತಿಯ ಕಥೋಲಿಕ ಮಕ್ಕಳೂ ಸ್ವೀಕರಿಸುವುದಿಲ್ಲವಲ್ಲ, ಹಾಗಾಗಿ ಕೂತವರು ‘ಬೇರೆಯವರು’ ಎಂಬ ಭಾವನೆಗೆ ಆಸ್ಪದವಿಲ್ಲ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಉಳಿದವರು ಎದೆಯ ಮೇಲೆ ಕೈಕಟ್ಟಿ ಬಂದು ಆಶೀರ್ವಾದ ಪಡೆಯುವ ರೂಢಿ ಕೆಲವೆಡೆ ಇದೆ. ನಿಮ್ಮ ಫಾದರ್ ಒಪ್ಪಿದರೆ, ಮನೆಯವರೂ ಒಪ್ಪಿದ್ದರೆ ಮಾತ್ರ ಮಾಡಿ.

ಪೂಜೆಗೆ ಮುಂಚೆ ಮಗು ತಿಂಡಿ ತಿನ್ನಬಹುದೇ ಎಂದು ಇಬ್ಬರು ತಾಯಂದಿರು ಕೇಳಿದ್ದಾರೆ. ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚೆಯಿಂದ ಏನೂ ತಿನ್ನಬಾರದೆಂಬುದು ನಿಯಮ. ಆ ಒಂದು ಗಂಟೆಯ ಲೆಕ್ಕ ಪರಮಪ್ರಸಾದ ಸ್ವೀಕರಿಸುವ ಹೊತ್ತಿಗೆ, ಪೂಜೆ ಶುರುವಾಗುವ ಹೊತ್ತಿಗಲ್ಲ. ನೀರು, ಔಷಧಿಗೆ ತಡೆಯಿಲ್ಲ. ಎಂಟೂವರೆಗೆ ಇಡ್ಲಿ ತಿಂದು ಬಂದ ಮಗು ನಿಶ್ಚಿಂತೆಯಾಗಿ ಸ್ವೀಕರಿಸಬಹುದು. ಹೊಟ್ಟೆಗಿಲ್ಲದೆ ಕಳಿಸಿ, ಚರ್ಚಿನಲ್ಲಿ ತಲೆಸುತ್ತಿ ಬೀಳುವಂತೆ ಮಾಡಬೇಡಿ.

ಪ್ರಶ್ನೆ: ನಾವು ಲಿಂಗಾಯತರು. ಮಗಳು ಮನೆಯಲ್ಲಿ ಊಟಕ್ಕೆ ಮುಂಚೆ ಶಿಲುಬೆಯ ಗುರುತು ಮಾಡುತ್ತಾಳೆ. ಶಾಲೆ ಒಳ್ಳೆಯದು, ಬಿಡಿಸುವ ಇಷ್ಟವಿಲ್ಲ. ಆದರೆ ಅತ್ತೆಯವರಿಗೆ ಸರಿಬರುತ್ತಿಲ್ಲ. ಪೂಜೆಗೆ ಕಳಿಸಬೇಡಿ ಎಂದು ಹೇಳಬಹುದೇ?
(ಒಬ್ಬ ತಾಯಿ, ಬಾಣಸವಾಡಿ)

ಉತ್ತರ: ಖಂಡಿತ ಹೇಳಬಹುದು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಅದೇ ಸಂವಿಧಾನದ 28ನೇ ವಿಧಿಯ 3ನೇ ಖಂಡ ನಿಮಗೂ ಒಂದು ಹಕ್ಕು ಕೊಟ್ಟಿದೆ: ಸರ್ಕಾರದ ಮಾನ್ಯತೆಯೋ ಅನುದಾನವೋ ಪಡೆದ ಶಾಲೆ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಮುಖ್ಯೋಪಾಧ್ಯಾಯಿನಿ ಸಿಸ್ಟರ್‌ಗೆ ಮೂರು ಸಾಲಿನ ಪತ್ರ ಕೊಡಿ: ಮಗುವಿನ ಹೆಸರು, ತರಗತಿ, ಯಾವುದಕ್ಕೆ ಒಪ್ಪಿಗೆ ಇದೆ, ಯಾವುದಕ್ಕೆ ಇಲ್ಲ. ‘ಧರ್ಮೋಪದೇಶ ತರಗತಿ ಬೇಡ, ಕ್ರಿಸ್ಮಸ್ ಕಾರ್ಯಕ್ರಮ ಆಗಬಹುದು’ ಎಂದು ಬಿಡಿಸಿ ಬರೆದರೆ ಶಾಲೆಗೂ ಅನುಕೂಲ.

ಶಾಲೆಯವರಿಗೂ ಒಂದು ಮಾತು. ಒಪ್ಪಿಗೆಯ ಪತ್ರವನ್ನು ದಾಖಲಾತಿಯ ದಿನವೇ ತೆಗೆದುಕೊಳ್ಳಿ. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ನಡೆಯುವ ಅವಧಿಯಲ್ಲೇ ಉಳಿದವರಿಗೆ ನೀತಿಪಾಠ ಇರಲಿ, ಅದನ್ನು ಕಲಿಸುವ ಟೀಚರ್ ಇರಲಿ. ಪೂಜೆಗೆ ಬಾರದ ನಾಲ್ಕು ಮಕ್ಕಳನ್ನು ವರಾಂಡದಲ್ಲಿ ನಿಲ್ಲಿಸಿದರೆ ಅದು ಶಿಕ್ಷೆಯಂತೆಯೇ ಕಾಣುತ್ತದೆ. ಗ್ರಂಥಾಲಯದಲ್ಲಿ ಕೂರಿಸಿ ಪುಸ್ತಕ ಕೊಡಿ.

ಮನೆಯ ವಿಷಯಕ್ಕೆ ಬಂದರೆ, ಎಂಟು ವರ್ಷದ ಮಗು ಗೆಳತಿಯರು ಮಾಡಿದ್ದನ್ನು ಮಾಡುತ್ತದೆ. ಬೈಯಬೇಡಿ. ಊಟಕ್ಕೆ ಮುಂಚೆ ನಿಮ್ಮ ಮನೆಯಲ್ಲಿ ಹೇಳುವ ವಚನವೋ ಶ್ಲೋಕವೋ ಇದ್ದರೆ ಅಜ್ಜಿಯಿಂದಲೇ ಕಲಿಸಿ.

ಪ್ರಶ್ನೆ: ಗೋದಲಿಗೆ (ಕ್ರಿಸ್ಮಸ್‌ಗೆ ಕಟ್ಟುವ, ಯೇಸುವಿನ ಜನನದ ದೃಶ್ಯಕ್ಕೆ) ರಾಗಿ ಪೈರು ಬೆಳೆಸಲು ಹೋಗಿ ಎರಡು ವರ್ಷವೂ ಸೋತೆವು. ಒಂದು ಸಲ ಬೂಸಲು, ಇನ್ನೊಂದು ಸಲ ಹಳದಿಯಾಗಿ ಮಲಗಿತು. ಮಕ್ಕಳ ಕೈಯಲ್ಲೇ ಮಾಡಿಸಬೇಕೆಂಬ ಆಸೆ.
(ಮೂರನೇ ತರಗತಿ ಶಿಕ್ಷಕಿ, ಜಾಲಹಳ್ಳಿ)

ಉತ್ತರ: ಆಸೆ ಬಿಡಬೇಡಿ. ಪ್ಲಾಸ್ಟಿಕ್ ಹುಲ್ಲಿನ ಮ್ಯಾಟು ಹಾಸಿದ ಗೋದಲಿಯನ್ನು ಮಕ್ಕಳು ಒಂದು ದಿನ ನೋಡುತ್ತಾರೆ, ತಾವು ಬಿತ್ತಿದ ಪೈರನ್ನು ದಿನಾ ಬಂದು ಬಗ್ಗಿ ನೋಡುತ್ತಾರೆ.

ಡಿಸೆಂಬರ್‌ನಲ್ಲಿ ಬೆಂಗಳೂರಿನ ರಾತ್ರಿಗಳು ತಂಪು, ಮೊಳಕೆ ನಿಧಾನ. ಶಾಲೆಯ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಹನ್ನೆರಡು ದಿನ ಮುಂಚೆ ಬಿತ್ತಬೇಕು. ಕಾರ್ಯಕ್ರಮ 20ಕ್ಕಿದ್ದರೆ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದ ದಿನ, ಲೆಕ್ಕಕ್ಕೆ ಸರಿಹೋಗುತ್ತದೆ. ಅದಕ್ಕೂ ವಾರ ಮುಂಚೆ ಇಪ್ಪತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕು ದಿನದಲ್ಲಿ ಹದಿನೈದಾದರೂ ಮೊಳೆಯದಿದ್ದರೆ ಅದು ಹಳೇ ರಾಗಿ, ಬೇರೆ ತನ್ನಿ.

ಒಂದಡಿ ಅಗಲ, ಒಂದೂವರೆ ಅಡಿ ಉದ್ದದ ತಟ್ಟೆಗೆ ಒಂದು ಹಿಡಿ, ಅಂದರೆ ಸುಮಾರು 40 ಗ್ರಾಂ ರಾಗಿ ಸಾಕು. ಬೂಸಲಿಗೆ ಮೊದಲ ಕಾರಣ ಹೆಚ್ಚು ಬಿತ್ತುವುದು, ಎರಡನೆಯದು ತಟ್ಟೆಗೆ ತೂತಿಲ್ಲದಿರುವುದು. ತಳಕ್ಕೆ ಹತ್ತು ತೂತು ಮಾಡಿ, ಎರಡು ಇಂಚು ಮಣ್ಣು ಮತ್ತು ತೆಂಗಿನನಾರಿನ ಪುಡಿ ಸಮಸಮ ಬೆರೆಸಿ ತುಂಬಿ. ರಾತ್ರಿಯಿಡೀ ನೆನೆಸಿದ ರಾಗಿಯನ್ನು ಬಸಿದು, ಒಣ ಮರಳಿನೊಂದಿಗೆ ಕಲಸಿ ಉದುರಿಸಿ. ಮರಳಿಲ್ಲದಿದ್ದರೆ ಒದ್ದೆ ಕಾಳು ಮಕ್ಕಳ ಬೆರಳಿಗೆ ಅಂಟಿ ಒಂದೇ ಕಡೆ ಗುಡ್ಡೆಯಾಗಿ ಬೀಳುತ್ತದೆ. ಮೇಲೆ ಕಾಳು ಮರೆಯಾಗುವಷ್ಟೇ ಮಣ್ಣು. ಮೊಳಕೆ ಕಾಣುವವರೆಗೆ ಒದ್ದೆ ಗೋಣಿ ಮುಚ್ಚಿಡಿ. ಇರುವೆಗೆ ತಟ್ಟೆಯ ಸುತ್ತ ಅರಿಶಿನ ಎಳೆಯಿರಿ. ಮೊಳಕೆ ಕಂಡ ದಿನವೇ ಗೋಣಿ ತೆಗೆದು ಬೆಳಕಿಗಿಡಿ. ನಿಮ್ಮದು ಹಳದಿಯಾಗಿ ಮಲಗಿದ್ದು ಇಲ್ಲೇ: ಕತ್ತಲೆ ಕೋಣೆಯಲ್ಲಿ ಪೈರು ಬೆಳಕು ಹುಡುಕಿ ಉದ್ದವಾಗಿ ಎಳೆದುಕೊಳ್ಳುತ್ತದೆ, ಕಾಂಡಕ್ಕೆ ಬಲವಿರುವುದಿಲ್ಲ. ಕಿಟಕಿ ಪಕ್ಕದ ತಟ್ಟೆಯನ್ನು ದಿನಕ್ಕೊಮ್ಮೆ ತಿರುಗಿಸಿ. ನೀರು ಬೆಳಿಗ್ಗೆ ಮಾತ್ರ, ಕೈಯಿಂದ ಚಿಮುಕಿಸಿ. ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಯಾರು ನೀರು ಹಾಕುತ್ತಾರೆಂಬುದನ್ನು ಆಯಮ್ಮನ ಜೊತೆಯೋ ವಾಚ್‌ಮನ್ ಜೊತೆಯೋ ಮೊದಲೇ ಮಾತಾಡಿ.

ಬೆಟ್ಟಕ್ಕೆ ಕಂದು ಕಾಗದ ಮುದುರಿ ಮೈದಾ ಗೋಂದು ಹಚ್ಚಿ. ಹುಳ ಬೀಳದಿರಲೆಂದು ಗೋಂದಿಗೆ ಮೈಲುತುತ್ತ ಬೆರೆಸುವ ಹಳೇ ಪದ್ಧತಿ ಮಕ್ಕಳ ಕೈಗೆ ಬೇಡ, ಅದು ವಿಷ. ಆಯಾ ದಿನದ ಗೋಂದು ಆಯಾ ದಿನವೇ ಕಾಯಿಸಿ. ಸೀರಿಯಲ್ ಲೈಟನ್ನು ಒಣಹುಲ್ಲಿನೊಳಗೆ ಹುದುಗಿಸಬೇಡಿ. ಸಂಜೆ ಗಂಟೆ ಹೊಡೆದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ತೆಗೆಯಿರಿ.

ಬಾಲಯೇಸುವನ್ನು ಯಾವಾಗ ಮಲಗಿಸಬೇಕೆಂದೂ ಕೇಳಿದ್ದೀರಿ. ಸಂಪ್ರದಾಯ 24ರ ರಾತ್ರಿ. ಆ ಹೊತ್ತಿಗೆ ಶಾಲೆಗೆ ರಜೆ. ಕಾರ್ಯಕ್ರಮದವರೆಗೆ ಗೋದಲಿಯ ತೊಟ್ಟಿ ಖಾಲಿಯಿರಲಿ, ಆ ದಿನ ಒಂದನೇ ತರಗತಿಯ ಮಗುವಿನ ಕೈಯಿಂದಲೇ ಮಲಗಿಸಿ ಎನ್ನುವುದು ನಮ್ಮ ಅಭಿಪ್ರಾಯ. ನಿಯಮಕ್ಕೆ ನಾಲ್ಕು ದಿನ ಮುಂಚೆಯಾಯಿತು, ನಿಜ. ಆದರೆ ಯಾರೂ ಇಲ್ಲದ ಶಾಲೆಯಲ್ಲಿ ಮಲಗಿಸುವುದಕ್ಕಿಂತ ಇದು ಮೇಲು. ಮೂವರು ಜ್ಞಾನಿಗಳನ್ನು ಮಾತ್ರ ದೂರದ ಮೂಲೆಯಲ್ಲಿ ನಿಲ್ಲಿಸಿ, ಜನವರಿಯಲ್ಲಿ ಶಾಲೆ ತೆರೆದ ಮೇಲೆ ಹತ್ತಿರ ತನ್ನಿ.

ಪ್ರಶ್ನೆ: ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ನಲವತ್ತು ದಿನ) ಮಕ್ಕಳು ಉಪವಾಸ ಮಾಡಬೇಕೇ?
(ಪೋಷಕರು, ಹೆಣ್ಣೂರು)

ಉತ್ತರ: ಬೇಡ. ಉಪವಾಸದ ನಿಯಮ 18 ತುಂಬಿದವರಿಗೆ, ಮಾಂಸ ತ್ಯಜಿಸುವ ನಿಯಮ 14 ತುಂಬಿದವರಿಗೆ. ಮನೆಯಲ್ಲಿ ಎಲ್ಲರೂ ಶುಕ್ರವಾರ ಮಾಂಸ ಬಿಟ್ಟರೆ ಮಗುವೂ ಬಿಡಲಿ, ಅದು ಬೇರೆ. ಟಿಫನ್ ಡಬ್ಬಿ ಖಾಲಿ ಕಳಿಸಬೇಡಿ.

ಪ್ರಶ್ನೆ: ತಪಸ್ಸುಕಾಲದಲ್ಲಿ ಬಡ ಕುಟುಂಬಗಳಿಗೆಂದು ಮಕ್ಕಳಿಂದ ಹಿಡಿ ಅಕ್ಕಿ ಸಂಗ್ರಹಿಸುತ್ತೇವೆ. ಪಡೆದವರು ‘ಅನ್ನ ಸರಿಯಾಗಿ ಆಗುವುದಿಲ್ಲ’ ಎನ್ನುತ್ತಾರೆ.
(ಶಾಲಾ ಪೋಷಕರ ಸಂಘದವರು, ಕಮ್ಮನಹಳ್ಳಿ)

ಉತ್ತರ: ಸೋನಾ ಮಸೂರಿ, ರೇಷನ್ ಅಕ್ಕಿ, ದೋಸೆ ಅಕ್ಕಿ, ಕುಚ್ಚಲಕ್ಕಿ ಎಲ್ಲ ಒಂದೇ ಡ್ರಮ್ಮಿಗೆ ಬಿದ್ದರೆ ಹೇಗೆ ಆದೀತು? ಒಂದು ಕರಗಿ ಗಂಜಿಯಾಗುವ ಹೊತ್ತಿಗೆ ಇನ್ನೊಂದು ಅರೆಬೆಂದಿರುತ್ತದೆ. ಜೊತೆಗೆ ಒಂದು ಮನೆಯ ಹುಳ ಹಿಡಿದ ಅಕ್ಕಿ ಇಡೀ ಡ್ರಮ್ಮನ್ನು ಹಾಳು ಮಾಡುತ್ತದೆ. ತರಗತಿಗೊಂದು ಸಾಮಾನು ಹಂಚಿ: ಒಂದನೆಯವರು ಉಪ್ಪು, ಎರಡನೆಯವರು ಸಕ್ಕರೆ, ಮೂರನೆಯವರು ತೊಗರಿಬೇಳೆ, ನಾಲ್ಕು ಮತ್ತು ಐದರವರು ಸೋನಾ ಮಸೂರಿ. ಎಲ್ಲವೂ ಒಡೆಯದ ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್ಟುಗಳಲ್ಲಿ. ತರಲಾಗದ ಮಗು ಬರಿಗೈಲಿ ನಿಲ್ಲಬಾರದು. ಆದ್ದರಿಂದ ಪ್ಯಾಕೆಟ್ಟನ್ನು ಟೀಚರ್ ಕೈಗೆ ಕೊಡಿಸಬೇಡಿ, ಹೆಸರು ಬರೆಯಬೇಡಿ, ಬಾಗಿಲ ಬಳಿ ಪೆಟ್ಟಿಗೆಯಿಟ್ಟುಬಿಡಿ. ಹಂಚುವ ಕೆಲಸ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೇ ಪಾವ್ಲ್ ಸಭೆಯವರಿಗೆ ಬಿಡಿ, ಯಾವ ಮನೆಗೆ ಏನು ಬೇಕೆಂದು ಅವರಿಗೆ ಗೊತ್ತಿರುತ್ತದೆ. ಪಡೆಯುವ ಕುಟುಂಬದ ಮಗು ನಿಮ್ಮ ಶಾಲೆಯಲ್ಲೇ ಓದುತ್ತಿರಬಹುದು, ಫೋಟೊ ತೆಗೆಯಲೇಬೇಡಿ.

ಪ್ರಶ್ನೆ: ಆಗಸ್ಟ್ ಕೊನೆಯಲ್ಲಿ ಕೆಲವು ಮಕ್ಕಳು ಸಮವಸ್ತ್ರ ಬಿಟ್ಟು ಕಾವಿ ಬಟ್ಟೆಯಲ್ಲಿ ಬರುತ್ತಾರೆ. ಬಿಡಬಹುದೇ?
(ಹೊಸ ಶಿಕ್ಷಕ, ಫ್ರೇಜರ್ ಟೌನ್)

ಉತ್ತರ: ಅದು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಹರಕೆ. ಆಗಸ್ಟ್ 29ರಂದು ಧ್ವಜ ಏರುತ್ತದೆ, ನವದಿನ ಪ್ರಾರ್ಥನೆ ನಡೆದು ಸೆಪ್ಟೆಂಬರ್ 8ಕ್ಕೆ ಹಬ್ಬ, ತೇರು. ಬಿಡಿ. ಆ ದಿನಗಳಲ್ಲಿ ಕಿರುಪರೀಕ್ಷೆ ಇಡಬೇಡಿ, ಹಬ್ಬದ ಸಂಜೆ ಶಿವಾಜಿನಗರದ ಕಡೆಯ ಶಾಲಾ ವಾಹನವನ್ನು ಬೇಗ ಹೊರಡಿಸಿ.

ಪ್ರಶ್ನೆ: ಅಕ್ಟೋಬರ್ ಜಪಮಾಲೆಯ ತಿಂಗಳು. ಮಕ್ಕಳ ಮನೆಮಾತು ಕನ್ನಡ, ತಮಿಳು, ಕೊಂಕಣಿ, ಮಲಯಾಳ ಎಲ್ಲ ಇದೆ. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಯಾವ ಭಾಷೆಯಲ್ಲಿ ಹೇಳಿಸುವುದು?
(ಒಬ್ಬ ಸಿಸ್ಟರ್, ಬೆಂಗಳೂರು ಪೂರ್ವ)

ಉತ್ತರ: ಬೆಳಗಿನ ಸಭೆಯಲ್ಲಿ ಬೇಡ. ನಾಡಗೀತೆಗೆ ಎರಡೂವರೆ ನಿಮಿಷ, ರಾಷ್ಟ್ರಗೀತೆಗೆ 52 ಸೆಕೆಂಡು, ಸಂವಿಧಾನದ ಪೀಠಿಕೆ, ಸುದ್ದಿ, ಇಷ್ಟಕ್ಕೇ ಕಾಲು ಗಂಟೆ ಮುಗಿಯುತ್ತದೆ. ಅಲ್ಲದೆ ಅಲ್ಲಿ ಎಲ್ಲ ಧರ್ಮದ ಮಕ್ಕಳೂ ನಿಂತಿರುತ್ತಾರೆ. ಊಟದ ವಿರಾಮದ ಕೊನೆಯ ಐದು ನಿಮಿಷ, ಮಾತೆಯ ಗವಿಯ ಮುಂದೆ, ಬರಲು ಇಷ್ಟವಿರುವವರಿಗೆ ಮಾತ್ರ ಇರಲಿ. ದಿನಕ್ಕೆ ಒಂದೇ ಹತ್ತು, ಅಂದರೆ ಜಪಮಾಲೆಯ ಹತ್ತು ಮಣಿಗಳ ಒಂದು ಭಾಗ. ಹತ್ತು ಮಣಿಗೆ ಹತ್ತು ಮಕ್ಕಳು, ಒಬ್ಬೊಬ್ಬರೂ ಒಂದು ‘ನಮೋ ಮರಿಯಾ’ದ ಮೊದಲರ್ಧ ಹೇಳಲಿ, ಉಳಿದರ್ಧ ಎಲ್ಲರೂ. ಸೋಮವಾರದಿಂದ ಶುಕ್ರವಾರಕ್ಕೆ ಐದು ಹತ್ತು, ಅಲ್ಲಿಗೆ ವಾರಕ್ಕೊಂದು ಜಪಮಾಲೆ ಪೂರ್ತಿ.

ಭಾಷೆಯನ್ನು ಮಗುವಿಗೇ ಬಿಡಿ. ಅಮ್ಮ ಮನೆಯಲ್ಲಿ ಹೇಳಿಕೊಟ್ಟ ಭಾಷೆಯಲ್ಲಿ ಮಗು ಮೊದಲರ್ಧ ಹೇಳಲಿ, ಉಳಿದವರು ಕನ್ನಡದಲ್ಲಿ ಮುಗಿಸಲಿ. ವರ್ಷ ಮುಗಿಯುವುದರೊಳಗೆ ಕನ್ನಡದ ಪಾಠ ಎಲ್ಲರ ಬಾಯಿಗೂ ಬಂದಿರುತ್ತದೆ. ಒಂದೇ ಎಚ್ಚರ: ಚಿಕ್ಕವರ ಕೈಗೆ ದಾರದಲ್ಲಿ ಪೋಣಿಸಿದ ಅಗ್ಗದ ಜಪಮಾಲೆ ಕೊಡಬೇಡಿ. ಎಳೆದಾಡಿ ಕಿತ್ತರೆ 59 ಮಣಿಗಳೂ ಚೆಲ್ಲುತ್ತವೆ, ಚಿಕ್ಕವರು ಬಾಯಿಗೆ ಹಾಕಿಕೊಳ್ಳುತ್ತಾರೆ. ಹತ್ತು ಗಂಟು ಹಾಕಿದ ದಪ್ಪ ನೂಲಿನ ಹುರಿ ಸಾಕು. ಗಂಟು ಹಾಕುವುದನ್ನು ಐದನೇ ತರಗತಿಯವರು ಚಿಕ್ಕವರಿಗೆ ಕಲಿಸಿಕೊಡಲಿ.