ನಾನು ಹೇಳಿದ ಡಬಲ್ ಒಂದು, ಭಾವನಿಗೆ ಅರ್ಥ ಆಗಿದ್ದು ಇನ್ನೊಂದು

ಪ್ರಶ್ನೆ: ಸರ್, ಬ್ರಿಡ್ಜ್ ಇಸ್ಪೀಟಾಟದಲ್ಲಿ ನಾನೂ ನಮ್ ಭಾವನೂ ಪಾರ್ಟ್ನರ್ಸು. ಮೊನ್ನೆ ಭಾವ 1 ಡೈಮಂಡ್ ಓಪನ್ ಮಾಡಿದ್ರು, ನನ್ ಬಲಗಡೆಯವರು 1 ಸ್ಪೇಡ್ ಅಂದ್ರು. ನನ್ ಕೈಲಿ ಸ್ಪೇಡ್ 7-3, ಹಾರ್ಟ್ ರಾಜ-ಗುಲಾಮ-8-5, ಡೈಮಂಡ್ ರಾಣಿ-6, ಕ್ಲಬ್ ರಾಜ-9-7-4-2, ಒಟ್ಟು 9 ಪಾಯಿಂಟ್. ನೆಗೆಟಿವ್ ಡಬಲ್ (ಯಾರೂ ಹೇಳದ ಬಣ್ಣ, ಇಲ್ಲಿ ಹಾರ್ಟ್, ನನ್ ಹತ್ರ ಇದೆ ಅಂತ ತೋರ್ಸೋ ಡಬಲ್) ಅಂದ್ಕೊಂಡು ಡಬಲ್ ಹೇಳ್ದೆ, ಭಾವ ಪೆನಾಲ್ಟಿ (ಎದುರಾಳಿ ಸೋಲ್ತಾರೆ, ದಂಡ ಹಾಕೋಣ ಅನ್ನೋ ಡಬಲ್) ಅಂತ ತಿಳ್ಕೊಂಡು ಪಾಸ್ ಮಾಡ್ಬಿಟ್ರು. ಅವ್ರು 8 ಟ್ರಿಕ್ ಎತ್ಕೊಂಡ್ರು, ನಾನ್-ವಲ್ನರಬಲ್ (ದಂಡ, ಬೋನಸ್ ಕಮ್ಮಿ ಇರೋ ಸ್ಥಿತಿ) ಆದ್ರೂ 260 ಹೋಯ್ತು. ತಪ್ಪು ಯಾರ್ದು?

ಉತ್ತರ: ನಿಮ್ಮ ಡಬಲ್ ಸರಿಯಾದ ಬಿಡ್ಡೇ, ನಾನೂ ಅದನ್ನೇ ಹೇಳ್ತಿದ್ದೆ. 2 ಹಾರ್ಟ್ ಅನ್ನೋಕೆ 5 ಹಾರ್ಟ್ ಬೇಕು, 10 ಪಾಯಿಂಟಾದ್ರೂ ಬೇಕು, 2 ಕ್ಲಬ್‌ಗೂ ಕೈ ಸ್ವಲ್ಪ ಕಮ್ಮಿ, ಪಾಸ್ ಅಂದ್ರೆ ಹಾರ್ಟ್ ಫಿಟ್ (ಇಬ್ರ ಕೈಲೂ ಸಾಕಷ್ಟು ಹಾರ್ಟ್ ಇರೋದು) ಕಳ್ಕೊಂಡ ಹಾಗೆ. ಇಂಥಾ ಕೈಗೇ ಅಂತ ಅಮೆರಿಕಾದ ಆಲ್ವಿನ್ ರಾತ್ 1957ರ ಹೊತ್ತಿಗೆ ಈ ಡಬಲ್ ಚಾಲ್ತಿಗೆ ತಂದ್ರು, ಅದೇ ವರ್ಷ ರಷ್ಯಾದವರು ಸ್ಪುಟ್ನಿಕ್ ಹಾರಿಸಿದ್ರಿಂದ ಸ್ಪುಟ್ನಿಕ್ ಡಬಲ್ ಅಂತಾನೇ ಹೆಸರು ಬಿತ್ತು. ಅದಕ್ಕೂ ಮುಂಚೆ ಭಾವ ತಿಳ್ಕೊಂಡಿದ್ದೇ ರೂಢಿ, ಅಂದ್ರೆ ಪೆನಾಲ್ಟಿ. ಹಂಗಾಗಿ ಅವ್ರನ್ನೂ ತಪ್ಪು ಅನ್ನೋಕಾಗಲ್ಲ, ನೀವಿಬ್ರೂ ಇದನ್ನ ಮಾತಾಡ್ಕೊಂಡೇ ಇರ್ಲಿಲ್ಲ ಅಷ್ಟೇ.

ಆದ್ರೆ "ಇವತ್ತಿಂದ ನೆಗೆಟಿವ್ ಡಬಲ್ ಆಡೋಣ ಭಾವ" ಅಂತ ಒಂದು ಮಾತಲ್ಲಿ ಮುಗಿಸ್ಬೇಡಿ, ಹೆಚ್ಚಿನ ಜೋಡಿಗಳು ಎಡವೋದು ಅಲ್ಲೇ. ಹೆಸರು ಒಪ್ಕೊಂಡ್ರೆ ಅಗ್ರಿಮೆಂಟ್ ಆಗಲ್ಲ, ಅದರ ಮುಂದಿನ ಎರಡು ಬಿಡ್ ಏನು ಅಂತ ಇಬ್ರಿಗೂ ಗೊತ್ತಿರ್ಬೇಕು. ಉದಾಹರಣೆಗೆ ನಿಮ್ ಕೈಲಿ ಸ್ಪೇಡ್ ಎಕ್ಕ-ರಾಣಿ-10-8-4 ಬಂದು, ಬಲಗಡೆಯವರು 1 ಸ್ಪೇಡ್ ಅಂದ್ರೆ ಏನ್ಮಾಡ್ತೀರಾ? ಡಬಲ್ ಹೇಳೋ ಹಾಗಿಲ್ಲ, ಅದು ಈಗ ಹಾರ್ಟ್ ತೋರ್ಸೋಕೆ ಹೋಯ್ತು. ಬಾಯಿ ಮುಚ್ಕೊಂಡು ಪಾಸ್ ಹೇಳ್ಬೇಕು, ಎಡಗಡೆಯವರೂ ಪಾಸ್ ಅಂದ್ರೆ ಸರದಿ ಭಾವನಿಗೆ ಬರತ್ತೆ, ಆಗ ಅವ್ರ ಹತ್ರ ಸ್ಪೇಡ್ ಒಂದೋ ಎರಡೋ ಇದ್ರೆ, ಓಪನಿಂಗ್ ಕೈ ಬರೀ 12 ಪಾಯಿಂಟಿದ್ರೂ ಸಾಮಾನ್ಯವಾಗಿ ಅವ್ರೇ ಡಬಲ್ ಹೇಳ್ಬೇಕು, ನೀವು ಅದನ್ನ ಪಾಸ್ ಮಾಡಿ ಪೆನಾಲ್ಟಿ ಆಗಿ ಮಾಡ್ಕೋತೀರಾ. ಅವ್ರ ಹತ್ರಾನೇ ಮೂರು ನಾಲ್ಕು ಸ್ಪೇಡ್ ಇದ್ರೆ ನಿಮ್ಮ ಪಾಸು ಹೊಂಚು ಹಾಕಿರೋ ಪಾಸಲ್ಲ ಅಂತ ಅವ್ರಿಗೆ ತಿಳಿಯತ್ತೆ, ಡಬಲ್ ಬೇಕಿಲ್ಲ. ಈ ಎರಡನೇ ಅರ್ಧ ಬಿಟ್ಟು ಮೊದಲರ್ಧ ಮಾತ್ರ ಆಡೋರಿಗೆ ಈ ಕನ್ವೆನ್ಷನ್ ಇರೋದಕ್ಕಿಂತ ಇಲ್ದೇ ಇರೋದೇ ವಾಸಿ. ಹಳಬರು "ಪೆನಾಲ್ಟಿ ಹೋಯ್ತಲ್ಲಾ" ಅಂತ ಗೊಣಗಿದ್ರೆ ಇದನ್ನೇ ತೋರ್ಸಿ.

ಇನ್ನು ಎದುರಾಳಿಯ ಯಾವ ಬಿಡ್‌ವರೆಗೆ ಡಬಲ್ ನೆಗೆಟಿವ್ ಅಂದ್ರೆ, ಸದ್ಯಕ್ಕೆ 2 ಸ್ಪೇಡ್‌ವರೆಗೆ ಸಾಕು. ಅವ್ರು 1 ಹಾರ್ಟ್ ಅಂದಾಗ ಡಬಲ್ ಅಂದ್ರೆ ಸರಿಯಾಗಿ 4 ಸ್ಪೇಡ್, ಡಬಲ್ ಬದಲು ನೀವು 1 ಸ್ಪೇಡ್ ಅಂದ್ರೆ 5, ಇದನ್ನೂ ಬರ್ಕೊಳ್ಳಿ. ಅವ್ರು 1 ಸ್ಪೇಡ್ ಅಂದಾಗಿನ ನಿಮ್ಮ ಡಬಲ್‌ಗೆ ಭಾವನ ಹತ್ರ 4 ಹಾರ್ಟ್ ಇದ್ದು ಸಾಧಾರಣ ಕೈ ಆದ್ರೆ 2 ಹಾರ್ಟ್, 16-17 ಇದ್ರೆ 3 ಹಾರ್ಟ್.

ಪ್ರಶ್ನೆ: ನಾವು ಟ್ರಾನ್ಸ್‌ಫರ್ (ಒಂದು ಬಣ್ಣ ಹೇಳಿ ಅದರ ಮೇಲಿನ ಬಣ್ಣ ತೋರ್ಸೋದು) ಆಡ್ತೀವಿ. 1 ನೋ ಟ್ರಂಪ್ ಮೇಲೆ ನಾನು ಹಾರ್ಟ್‌ಗೋಸ್ಕರ 2 ಡೈಮಂಡ್ ಅಂದೆ, ಎದುರಾಳಿ ಕೇಳಿದ್ರೆ ಪಾರ್ಟ್ನರ್ "ಡೈಮಂಡೇ ಇದೆ" ಅಂದ್ಬಿಟ್ರು. ತಕ್ಷಣ ತಿದ್ದಬಹುದಾ?

ಉತ್ತರ: ಬೇಡ! ಮುಖ ಸಿಂಡರಿಸೋದೂ ಬೇಡ. ಆ ಉತ್ತರ ನಿಮ್ಮ ಕಿವಿಗೆ ಬಿದ್ದೇ ಇಲ್ಲ ಅನ್ನೋ ಹಾಗೆ ಮುಂದಿನ ಬಿಡ್ ಮಾಡಿ, ಅದನ್ನ ಕೇಳಿ "ಅಯ್ಯೋ ಮರೆತಿದ್ದಾರೆ" ಅಂತ ಬಿಡ್ ಬದಲಾಯಿಸಿದ್ರೆ ಅದು ನಿಯಮಕ್ಕೆ ವಿರುದ್ಧ. ಬಿಡ್ಡಿಂಗ್ ಮುಗಿದ್ಮೇಲೆ ಕಾಂಟ್ರಾಕ್ಟ್ ನಿಮ್ಮದಾದ್ರೆ ಮೊದಲ ಎಲೆ ಬೀಳೋ ಮುಂಚೆ ಡೈರೆಕ್ಟರನ್ನ ಕರೆದು "ನಮ್ಮ ಅಗ್ರಿಮೆಂಟ್ ಟ್ರಾನ್ಸ್‌ಫರ್" ಅಂತ ಹೇಳಲೇಬೇಕು. ನೀವು ಡಿಫೆನ್ಸ್‌ನಲ್ಲಿದ್ರೆ ಆಟ ಪೂರ್ತಿ ಮುಗಿಯೋವರೆಗೂ ತಡೀರಿ, ನಡುವೆ ಹೇಳಿದ್ರೆ ಪಾರ್ಟ್ನರ್‌ಗೆ ಸುಳಿವು ಕೊಟ್ಟ ಹಾಗಾಗತ್ತೆ. ಮತ್ತೆ, ಎದುರಾಳಿಗೆ ಹೇಳ್ಬೇಕಾದ್ದು ನಿಮ್ಮ ಅಗ್ರಿಮೆಂಟ್ ಏನು ಅಂತ ಮಾತ್ರ, ಕೈಲಿ ಏನಿದೆ ಅಂತ ಅಲ್ಲ.